ಕೆಂಪು ಶಾಯಿಯ ‘ಯಾಕ?’

ನಾರಾಯಣ ಪೇಟೆ, ಪುಣೆ
೬ ಆಗಸ್ಟ್ ೧೯೯೭

ಅನುಸೂಯಾಗೆ,

ಈ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ. ಅದಕ್ಕೆ ಕಾರಣ ನೀನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕಿರಾಣಿ ಚೀಟಿ, ವರ್ಷಕ್ಕೊಮ್ಮೆ ಧಾರವಾಡಕ್ಕೊಂದು ಕಾರ್ಡು, ಇಷ್ಟೇ ನನ್ನ ಬರವಣಿಗೆ. ಈಗ ಹೈಡ್ರೋಜನ್ನು, ಅಯಾನು ಎಂದೆಲ್ಲ ಬರೆಯಬೇಕಂತೆ. ಬೆರಳು ನೋಯುತ್ತವೆ. ಕೂತರೆ ಮೊಣಕಾಲು ಹಿಡಿಯುತ್ತದೆ. ಹೇಳಿದರೆ ಕೇಳುವವರು ಯಾರು?

ನಿನಗೆ ಗೊತ್ತಿಲ್ಲದ್ದು ಒಂದಿದೆ. ನೀವು ಇಲ್ಲಿನ ಭೋಸರಿ ಬಿಟ್ಟು ಇಂದಾಪುರಕ್ಕೆ ಹೋದ ಮೇಲೆ ನಿನ್ನ ಸರ್‌ಗೆ, ಅಂದರೆ ನನ್ನ ತಮ್ಮ ಕೃಷ್ಣಾಜಿಗೆ, ಕಣ್ಣು ಹೋಯಿತು. ಡಾಕ್ಟರರು ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದರು. ಬೆಳಕು ನೆರಳು ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದವನು, ನಿವೃತ್ತಿಯಾದ ಮೇಲೂ ಭಾನುವಾರ ನಮ್ಮ ಪಡಸಾಲೆಯಲ್ಲಿ ಕನ್ನಡ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಗದ್ದಲ ಮಾಡುತ್ತಿದ್ದವನು, ಈಗ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಊಟಕ್ಕೆ ಕರೆದರೆ ಬರುತ್ತಾನೆ, ಕರೆಯದಿದ್ದರೆ ಇಲ್ಲ.

ಹೀಗಿರುವಾಗ ನಿನ್ನ ಲಕೋಟೆ ಬಂತು. ಇಲ್ಲಿ ಲೆಕ್ಕ ಬಿಡಿಸಿ ತೋರಿಸುವವರು ಯಾರೂ ಇಲ್ಲ, ಮಾರ್ಚಿಗೆ ಹನ್ನೆರಡನೆಯ ಇಯತ್ತೆಯ ಬೋರ್ಡ್ ಪರೀಕ್ಷೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದೆ. ಅವನು ಗೋಡೆಯಿಂದ ತಿರುಗಿದ.

“ಲೆಕ್ಕ ಓದು ಅಕ್ಕಾ.”

“ಇಂಗ್ಲಿಷಿನ್ಯಾಗ ಅದ. ನನಗೇನ್ ಬರ್ತದ?”

“ಕೇತಕಿನ್ನ ಕರಿ. ಮೊದ್ಲ ಚಾ ಮಾಡು.”

ಪಕ್ಕದ ಮನೆಯ ಕೇತಕಿ ಬಂದು ಓದಿದಳು. ಅವನು ತಾನಾಗಿ ಚಹಾ ಕೇಳಿ ಎಷ್ಟು ಕಾಲವಾಗಿತ್ತೋ. ಅದಕ್ಕೇ ಈ ಬರವಣಿಗೆ. ನಿನ್ನ ಮೇಲಿನ ಪ್ರೀತಿಗೆಂದು ತಿಳಿಯಬೇಡ.

ಅವನು ಹೇಳಿದ್ದು: ಅಸಿಟಿಕ್ ಆಸಿಡ್ ಸೌಮ್ಯ ಆಸಿಡ್. ನೀರಿನಲ್ಲಿ ಪೂರ್ತಿ ಒಡೆಯುವುದಿಲ್ಲ. ಸ್ವಲ್ಪ ಒಡೆಯುತ್ತದೆ, ಒಡೆದದ್ದು ಮತ್ತೆ ಕೂಡುತ್ತದೆ, ಕಡೆಗೆ ಒಡೆಯುವುದೂ ಕೂಡುವುದೂ ಸಮನಾಗಿ ನಿಲ್ಲುತ್ತವೆ. ಅದರ ಒಡೆಯುವಿಕೆಯ ಅಳತೆ, ಕೆಎ, ಒಂದು ಪಾಯಿಂಟ್ ಎಂಟು ಗುಣಿಲೆ ಹತ್ತರ ತಲೆಯ ಮೇಲೆ ಮೈನಸ್ ಐದು. ಅದನ್ನು ನಿನ್ನ ಲೆಕ್ಕದ ಸೊನ್ನೆ ಪಾಯಿಂಟ್ ಒಂದು ಮೋಲಾರಿನಿಂದ ಗುಣಿಸಿ ವರ್ಗಮೂಲ ತೆಗೆ, ಆಮೇಲೆ ಅದರ ಲಾಗ್ ತೆಗೆ. ಪಿಎಚ್ ಎರಡು ಪಾಯಿಂಟ್ ಎಂಟು ಏಳು ಬರುತ್ತದೆ.

ಕಿವಿಗೆ ಬಿದ್ದಂತೆ ಬರೆದಿದ್ದೇನೆ, ನಗಬೇಡ. ನೀನೂ ಇನ್ನು ಮುಂದೆ ಲೆಕ್ಕವನ್ನು ಕನ್ನಡ ಅಕ್ಷರದಲ್ಲೇ ಬರೆ. ಪ್ರತಿ ಸಲ ಕೇತಕಿಯ ಬಾಗಿಲು ತಟ್ಟಲು ನನ್ನಿಂದ ಆಗದು.

ಶಾಮಲಾ


ಇಂದಾಪುರ
೨೧ ಆಗಸ್ಟ್ ೧೯೯೭

ಪೂಜ್ಯ ಶಾಮಲಾ ಅಜ್ಜಿಯವರಿಗೆ,

ಸರ್ ಅವರ ಕಣ್ಣಿನ ವಿಷಯ ಓದಿ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಅಷ್ಟು ನಗಾ ಮನಶ್ಯಾಗ ಹಿಂಗ್ಯಾಕಾತವಾ?” ಅಂದಳು. ಭಾನುವಾರ ನನ್ನನ್ನು ಕರೆದೊಯ್ಯಲು ಬಂದಾಗಲೆಲ್ಲ ಅವಳು ನಿಮ್ಮ ಕಟ್ಟೆಯ ಮೇಲೆ ಕೂತು ಸರ್ ನಗುವುದನ್ನು ಕೇಳುತ್ತಿದ್ದಳಲ್ಲ.

ಅಪ್ಪ ಇಲ್ಲಿನ ಸಕ್ಕರೆ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದಾರೆ. ಕಾಲೇಜಿಗೆ ಎಸ್.ಟಿ. ಬಸ್ಸಿನಲ್ಲಿ ಹೋಗುತ್ತೇನೆ. ನೀವು ಬರೆದ ಲೆಕ್ಕವನ್ನು ಗಟ್ಟಿಯಾಗಿ ಓದಿಕೊಂಡರೆ ಸರ್ ಎದುರಿಗೆ ಕೂತು ಹೇಳಿದಂತೆಯೇ ಕೇಳುತ್ತದೆ, ಅಜ್ಜಿ. ನಗಲಿಲ್ಲ.

ಸರ್ ನಮ್ಮ ಲೆಕ್ಕ ತಪ್ಪಾದರೆ ಎಂದೂ ತಪ್ಪು ಎಂದು ಬರೆಯುತ್ತಿರಲಿಲ್ಲ. ತಪ್ಪಿದ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ‘ಯಾಕ?’ ಎಂದಷ್ಟೇ ಬರೆಯುತ್ತಿದ್ದರು. ಉತ್ತರ ನಾವೇ ಹುಡುಕಬೇಕು. ಇಲ್ಲಿ ನನ್ನ ವಹಿಯಲ್ಲಿ ಬರೀ ಸರಿ ಗುರುತುಗಳು. ಯಾಕೆ ಸರಿ ಎಂಬುದು ನನಗೇ ಗೊತ್ತಿಲ್ಲ.

ಲೆಕ್ಕ: ಸುಣ್ಣದ ಕಲ್ಲು ಒಡೆದು ಸುಣ್ಣವಾಗಲು ಬೇಕಾಗುವ ಶಾಖ ನೂರಾ ಎಪ್ಪತ್ತೆಂಟು ಕಿಲೋಜೂಲ್. ಎಂಟ್ರಪಿ, ಅಂದರೆ ಚೆದುರುವಿಕೆ, ನೂರಾ ಅರವತ್ತು ಜೂಲ್‌ನಷ್ಟು ಹೆಚ್ಚುತ್ತದೆ. ಇಪ್ಪತ್ತೈದು ಡಿಗ್ರಿಯಲ್ಲಿ ಕಲ್ಲು ತಾನಾಗಿ ಸುಣ್ಣವಾಗುತ್ತದೆಯೇ? ಡೆಲ್ಟಾ ಜಿ ಎಷ್ಟು?

ನಿಮ್ಮ
ಅನುಸೂಯಾ


ಪುಣೆ
೩ ಸೆಪ್ಟೆಂಬರ್ ೧೯೯೭

ಅನುಸೂಯಾ,

ಅವನು ಹೇಳಿದ್ದು: ನೂರಾ ಅರವತ್ತು ಜೂಲನ್ನು ಮೊದಲು ಕಿಲೋಜೂಲ್ ಮಾಡು, ಪಾಯಿಂಟ್ ಒಂದು ಆರು. ಅದನ್ನು ಇಪ್ಪತ್ತೈದರಿಂದ ಗುಣಿಸು, ನಾಲ್ಕು. ನೂರಾ ಎಪ್ಪತ್ತೆಂಟರಲ್ಲಿ ಅದನ್ನು ಕಳೆ, ನೂರಾ ಎಪ್ಪತ್ನಾಲ್ಕು. ಪ್ಲಸ್ ಬಂತು, ಆದ್ದರಿಂದ ತಾನಾಗಿ ಆಗುವುದಿಲ್ಲ. ಭಟ್ಟಿ ಬೇಕು. ಭಟ್ಟಿ ಎಷ್ಟು ಕಾಯಬೇಕು ಎಂಬುದನ್ನು ನೀನೇ ಬಿಡಿಸಿ ಕಳಿಸು.

ಇವತ್ತು ತಾನೇ ಗಡ್ಡ ಮಾಡಿಕೊಂಡ. ಗದ್ದದ ಮೇಲೆ ಎರಡು ಕಡೆ ಕೊಯ್ದುಕೊಂಡಿದ್ದಾನೆ. ಬೈದೆ. “ಟಪಾಲು ಬಂತೇನು?” ಎಂದು ದಿನಾ ಕೇಳುತ್ತಾನೆ. ಬೇಗ ಬರೆ, ನನ್ನ ತಲೆ ತಿನ್ನುವುದು ತಪ್ಪಲಿ.

ಶಾಮಲಾ


ಇಂದಾಪುರ
೧೫ ಸೆಪ್ಟೆಂಬರ್ ೧೯೯೭

ಪೂಜ್ಯ ಅಜ್ಜಿಯವರಿಗೆ,

ತಪ್ಪು ತಿಳಿಯಬೇಡಿ. ಬರೆಯುವಾಗ ಒಂದು ಸಾಲು ಬಿಟ್ಟುಹೋಗಿರಬೇಕು. ಡಿಗ್ರಿಯನ್ನು ಹಾಗೆಯೇ ಲೆಕ್ಕಕ್ಕೆ ಹಾಕಬಾರದು, ಇನ್ನೂರ ಎಪ್ಪತ್ಮೂರು ಕೂಡಿಸಿ ಕೆಲ್ವಿನ್ ಮಾಡಬೇಕು. “ಮೊದ್ಲ ಇನ್ನೂರ ಎಪ್ಪತ್ಮೂರು ಕೂಡಸ್ರಿ, ಆಮ್ಯಾಲೆ ಉಸಿರು ಬಿಡ್ರಿ” ಎಂದು ಸರ್ ಪ್ರತಿ ಭಾನುವಾರ ಹೇಳುತ್ತಿದ್ದರು. ಇಪ್ಪತ್ತೈದರ ಬದಲು ಇನ್ನೂರ ತೊಂಬತ್ತೆಂಟು ಹಾಕಿದರೆ ನೂರಾ ಮೂವತ್ತು ಬರುತ್ತದೆ.

ಭಟ್ಟಿಯ ಲೆಕ್ಕ ಬಿಡಿಸಿದೆ. ಸುಮಾರು ಎಂಟುನೂರ ನಲವತ್ತು ಡಿಗ್ರಿ. ಇನ್ನೆರಡು ಲೆಕ್ಕ ಹಿಂಬದಿಗಿವೆ. ಸರ್‌ಗೆ ಹೇಳಿ.

ನಿಮ್ಮ
ಅನುಸೂಯಾ


ಪುಣೆ
೨೬ ಸೆಪ್ಟೆಂಬರ್ ೧೯೯೭

ಅನುಸೂಯಾ,

ಸಾಲು ಬಿಟ್ಟಿದ್ದು ನಾನಂತೆ! ನಾನು ಶಾಲೆ ಬಿಟ್ಟಿದ್ದೇನೆ, ಸಾಲು ಬಿಟ್ಟಿಲ್ಲ. ಅವನ ಬಾಯಿಂದ ಬಿದ್ದ ಒಂದು ಮಾತನ್ನೂ ನಾನು ಕೆಳಗೆ ಹಾಕಿಲ್ಲ.

ನಿನ್ನ ಪತ್ರವನ್ನು ಇದ್ದದ್ದು ಇದ್ದ ಹಾಗೆ ಓದಿದೆ. ಅವನು ನಕ್ಕ.

“ಅಕ್ಕಾ, ನೀ ಬಿಟ್ಟಿ.”

“ನಾ ಬಿಟ್ಟಿಲ್ಲ. ನೀ ಹೇಳೇ ಇಲ್ಲ.”

“ಹೇಳ್ದ ಇರ್ತೀನೇನು? ಮೂವತ್ತು ವರ್ಷ ಹೇಳೀನಿ.”

“ಮೂವತ್ತು ವರ್ಷ ಹೇಳಿದ್ದು ಬ್ಯಾರೆ, ಮನ್ನೆ ಹೇಳಿದ್ದು ಬ್ಯಾರೆ.”

ಅವನ ಕೈ ಚಹಾದ ಕಪ್ಪನ್ನು ಹುಡುಕುತ್ತಿತ್ತು. ಕಪ್ಪು ಪಕ್ಕದಲ್ಲೇ ಇತ್ತು. ಎತ್ತಿ ಅವನ ಕೈಗಿಟ್ಟೆ. ನನ್ನದೇ ತಪ್ಪು ಎಂದು ಇಟ್ಟುಕೋ, ನನಗೇನೂ ಆಗಬೇಕಾಗಿಲ್ಲ.

ಇನ್ನು ಹೊಸ ಪದ್ಧತಿ. ಅವನು ಒಂದು ಸಾಲು ಹೇಳುತ್ತಾನೆ. ನಾನು ತಿರುಗಿ ಹೇಳುತ್ತೇನೆ. ಅವನು “ಹೂಂ” ಎನ್ನುತ್ತಾನೆ. ಹೂಂ ಅಂದ ಮೇಲೇ ಬರೆಯುತ್ತೇನೆ. ಇನ್ನು ಮೇಲೆ ಶಾಮಲಾ ಬಿಟ್ಟಳು ಎನ್ನಲು ಯಾರಿಗೂ ಬಾಯಿ ಇಲ್ಲ. ನಿನ್ನ ಉಳಿದ ಎರಡು ಲೆಕ್ಕ ಹೀಗೇ ಬರೆದದ್ದು, ಹಿಂದಿನ ಹಾಳೆಯಲ್ಲಿವೆ.

ಶಾಮಲಾ


ಇಂದಾಪುರ
೧೭ ನವೆಂಬರ್ ೧೯೯೭

ಪೂಜ್ಯ ಅಜ್ಜಿಯವರಿಗೆ,

ದೀಪಾವಳಿಗೆ ಬರಬೇಕೆಂದಿದ್ದೆ. ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾಗಿ ಅಪ್ಪನಿಗೆ ರಜೆ ಸಿಗಲಿಲ್ಲ. ಹೂಂ ಪದ್ಧತಿಯ ಎರಡೂ ಲೆಕ್ಕ ಸರಿಯಾಗಿದ್ದವು.

ಈ ಸಲ ಒಂದೇ ಲೆಕ್ಕ. ಇದರ ಉತ್ತರ ನನಗೆ ಗೊತ್ತು. ಸರ್ ನಗಲಿ ಎಂದು ಕಳಿಸುತ್ತಿದ್ದೇನೆ. ಹತ್ತರ ತಲೆಯ ಮೇಲೆ ಮೈನಸ್ ಎಂಟು ಮೋಲಾರ್, ಅಂದರೆ ತೀರ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್. ಪಿಎಚ್ ಎಷ್ಟು?

ನನ್ನ ಗೆಳತಿಯರೆಲ್ಲ ಎಂಟು ಎಂದು ಬರೆದರು. ನಾನೂ ಮೊದಲ ವರ್ಷ ನಿಮ್ಮ ಪಡಸಾಲೆಯಲ್ಲಿ ಎಂಟು ಎಂದೇ ಬರೆದಿದ್ದೆ. ಏಳು ಬರೀ ನೀರು. ಅದಕ್ಕೆ ಮೇಲಿನದು ಸಾಬೂನು, ಸೋಡಾದ ಕಡೆಗೆ. ಸರ್ ಎದ್ದು ನಿಂತು, “ಶಾಭಾಸ್! ನೀರಿಗೆ ಆಸಿಡ್ ಹಾಕಿ ಸಾಬೂನು ಮಾಡಿದಿ ನೋಡವಾ!” ಎಂದು ನಕ್ಕ ನಗೆಗೆ ನಿಮ್ಮ ಅಂಗಳದ ಪಾರಿವಾಳಗಳು ಹಾರಿದ್ದವು. ಅಷ್ಟು ತೆಳುವಾದಾಗ ನೀರಿನದೇ ಆಸಿಡ್ ಅಂಶವನ್ನೂ, ಆಸಿಡ್ ಬಿದ್ದಾಗ ಅದು ಕೊಂಚ ಕುಗ್ಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆಗ ಆರು ಪಾಯಿಂಟ್ ಒಂಬತ್ತು ಎಂಟು ಬರುತ್ತದೆ, ಏಳಕ್ಕಿಂತ ಒಂದು ಕೂದಲೆಳೆ ಕೆಳಗೆ.

ಇದನ್ನೆಲ್ಲ ಓದಬೇಡಿ. ಲೆಕ್ಕ ಮಾತ್ರ ಓದಿ. ಸರ್ ಎಷ್ಟು ನಕ್ಕರು ಎಂದು ಬರೆಯಿರಿ, ಅಷ್ಟು ಸಾಕು.

ನಿಮ್ಮ
ಅನುಸೂಯಾ


ಪುಣೆ
೪ ಡಿಸೆಂಬರ್ ೧೯೯೭

ಅನುಸೂಯಾ,

ಇದು ಅವನು ಹೇಳಿ ಬರೆಸಿದ ಪತ್ರವಲ್ಲ. ಊಟ ಮಾಡಿ ಮಲಗಿದ್ದಾನೆ, ನಾನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ ಲೆಕ್ಕ ಓದಿದೆ. ಓದಿ ಕಾದೆ. ನನಗೆ ಆಸಿಡ್ ಯಾವುದು, ಸೋಡಾ ಯಾವುದು ಇವತ್ತಿಗೂ ತಿಳಿಯದು. ಆದರೆ ಈ ಒಂದು ಲೆಕ್ಕದ ಸದ್ದು ನನಗೆ ಗೊತ್ತು. ಎಷ್ಟೋ ವರ್ಷಗಳಿಂದ ಗೋಡೆಯ ಈಚೆ ರೊಟ್ಟಿ ಬಡಿಯುತ್ತ ಕೇಳಿದ್ದೇನೆ. ಯಾರೋ ಎಂಟು ಎನ್ನುತ್ತಾರೆ, ಇವನು ನಗುತ್ತಾನೆ, ಪಾರಿವಾಳ ಹಾರುತ್ತವೆ. ಪ್ರತಿ ವರ್ಷ ಹೀಗೇ.

ಅವನು ಬೆರಳು ಮಡಿಸಿ ಹೇಳಿದ: “ಹತ್ತರ ತಲಿ ಮ್ಯಾಲೆ ಮೈನಸ್ ಎಂಟು. ಪಿಎಚ್ ಎಂಟು. ಬರಿ.”

“ಎಂಟಾ?” ಅಂದೆ.

“ಹೂಂ. ಎಂಟು.”

“ಆಸಿಡ್ ಹಾಕಿದ ಮ್ಯಾಲೂ ಎಂಟಾ?”

“ಅಕ್ಕಾ, ನಿನಗ ಇದ್ರಾಗ ಏನ್ ತಿಳೀತದ? ಬರಿ. ಭಾಳ ಸರಳ ಲೆಕ್ಕ ಕಳಿಸ್ಯಾಳ ಈ ಸಲ.”

ಬರೆದೆ. ಅದನ್ನು ನಿನಗೆ ಕಳಿಸುತ್ತಿಲ್ಲ, ಡಬ್ಬಿಯಲ್ಲಿ ಇಟ್ಟಿದ್ದೇನೆ. ಅವನು ನಗಲಿಲ್ಲ. ಪಾರಿವಾಳ ಕೂತಲ್ಲೇ ಕೂತಿದ್ದವು.

ಮೊನ್ನೆ ಸ್ನಾನ ಮಾಡಿ ಬಂದವನು ಮತ್ತೆ ಟವೆಲ್ ಹಿಡಿದು ಬಚ್ಚಲಿಗೆ ಹೋದ. ಕಣ್ಣಿಲ್ಲದವನಿಗೆ ಗೊಂದಲ ಸಹಜ ಎಂದುಕೊಂಡಿದ್ದೆ. ಕಣ್ಣಿನ ಮಾತಲ್ಲ ಇದು. ಕಣ್ಣು ಹೋದಾಗ ಕೂತು ಅತ್ತಿದ್ದೆ. ಈಗ ಅಳು ಬರುತ್ತಿಲ್ಲ, ಬರೀ ದಣಿವು.

ತಪ್ಪು ಎಂದು ಹೇಳಿದರೆ ಅವನು ಮತ್ತೆ ಗೋಡೆಗೆ ತಿರುಗುತ್ತಾನೆ, ಈ ಸಲ ಚಹಾಕ್ಕೂ ತಿರುಗಲಾರ. ಹೇಳದಿದ್ದರೆ ನಿನ್ನ ಪರೀಕ್ಷೆ ಹಾಳು. ನೀನು ಅವನನ್ನು ನಂಬಿ ಕೂರಬೇಡ. ನಿನ್ನಷ್ಟಕ್ಕೆ ಓದು. ಇಷ್ಟು ಹೇಳಲು ಬರೆದೆ.

ಶಾಮಲಾ


ಇಂದಾಪುರ
೨ ಜನವರಿ ೧೯೯೮

ಪೂಜ್ಯ ಅಜ್ಜಿಯವರಿಗೆ,

ನಿಮ್ಮ ಪತ್ರ ಓದಿ ಎರಡು ಸಲ ಬರೆದು ಹರಿದೆ. ಆ ಲೆಕ್ಕ ಕಳಿಸಬಾರದಿತ್ತು.

ಒಂದು ಯೋಚನೆ ಬಂದಿದೆ, ಬೈಯಬೇಡಿ. ನಾನು ಮೊದಲೇ ಬಿಡಿಸಿ ಸರಿ ನೋಡಿಕೊಂಡ ಲೆಕ್ಕಗಳನ್ನೇ ಕಳಿಸುತ್ತೇನೆ. ಸರ್ ಏನು ಹೇಳಿದರೂ ನನಗೆ ನಷ್ಟವಿಲ್ಲ. ‘ಸರಿ ಇದೆ ಸರ್, ಪುಸ್ತಕದ ಉತ್ತರಕ್ಕೆ ಹೊಂದಿತು’ ಎಂದು ನಾನು ಬರೆಯುತ್ತೇನೆ, ನೀವು ಓದಿ ಹೇಳಿ. ಸರ್‌ಗೆ ಟಪಾಲು ತಪ್ಪುವುದಿಲ್ಲ, ನನ್ನ ಓದೂ ಕೆಡುವುದಿಲ್ಲ.

ಎರಡು ಲೆಕ್ಕ ಜೊತೆಗಿವೆ.

ನಿಮ್ಮ
ಅನುಸೂಯಾ


ಪುಣೆ
೧೪ ಜನವರಿ ೧೯೯೮

ಅನುಸೂಯಾ,

ಬೈಯುವುದು ಬಾಯಿಗೆ ಬಂದಿತ್ತು. ಬರೆಯಲು ಕೂತರೆ ಕೈ ಏಳಲಿಲ್ಲ. ಆಯಿತು, ಹಾಗೇ ಮಾಡು.

ಎರಡಕ್ಕೂ ಅವನು ಹೇಳಿದ ಉತ್ತರ ಬರೆದಿದ್ದೇನೆ. ಸರಿಯೋ ತಪ್ಪೋ ನನಗೆ ತಿಳಿಸಬೇಡ. ‘ಸರಿ ಇದೆ’ ಎಂದು ಎಲ್ಲಿ ಬರೆಯುತ್ತೀಯೋ ಅಲ್ಲಿಂದಲೇ ಓದುತ್ತೇನೆ. ಸುಳ್ಳು ನಿನ್ನದಿರಲಿ, ಗಂಟಲು ನನ್ನದಿರಲಿ.

ಎಳ್ಳು ಬೆಲ್ಲ ಕಳಿಸಿದ್ದೇನೆ. ಪುಡಿಯಾಗಿ ತಲುಪಿದರೆ ನನ್ನನ್ನು ಕೇಳಬೇಡ.

ಶಾಮಲಾ


ಇಂದಾಪುರ
೧೮ ಜೂನ್ ೧೯೯೮

ಪೂಜ್ಯ ಸರ್ ಮತ್ತು ಅಜ್ಜಿಯವರಿಗೆ,

ಫಲಿತಾಂಶ ಬಂತು. ಕೆಮಿಸ್ಟ್ರಿಯಲ್ಲಿ ನೂರಕ್ಕೆ ಎಂಬತ್ತೊಂದು. ಅಪ್ಪ ವರ್ಕ್‌ಶಾಪಿನಲ್ಲೆಲ್ಲ ಪೇಢೆ ಹಂಚಿದರು. ಬಾರಾಮತಿಯಲ್ಲಿ ಬಿ.ಎಸ್ಸಿ.ಗೆ ಸೇರುತ್ತಿದ್ದೇನೆ. ಕೆಮಿಸ್ಟ್ರಿಯನ್ನೇ ತೆಗೆದುಕೊಳ್ಳುತ್ತೇನೆ. ಸರ್ ಕಲಿಸಿದ್ದರಿಂದ ಇದು ಆಯಿತು.

ಅಜ್ಜಿ, ಇಲ್ಲಿಂದ ಮುಂದೆ ನಿಮಗೆ ಮಾತ್ರ. ಜನವರಿಯಿಂದ ಪ್ರತಿ ಪತ್ರದಲ್ಲೂ ‘ಸರಿ ಇದೆ ಸರ್’ ಎಂದು ಬರೆದೆ. ಬರೆಯುವಾಗ ನಾಚಿಕೆಯಾಗುತ್ತಿತ್ತು. ಸರ್ ನಮಗೆ ಹಾಗೆಂದೂ ಮಾಡಲಿಲ್ಲ, ಎಷ್ಟು ಅಳುಮುಖ ಮಾಡಿದರೂ ಸುತ್ತು ಹಾಕಿಯೇ ಹಾಕುತ್ತಿದ್ದರು. ಈಗ ಪರೀಕ್ಷೆ ಮುಗಿದಿದೆ. ಲೆಕ್ಕ ಕಳಿಸುವುದನ್ನು ನಿಲ್ಲಿಸಲು ಒಂದು ನೆಪವಿದೆ. ನಿಲ್ಲಿಸಲೇ? ನೀವು ಹೇಳಿದಂತೆ.

ನಿಮ್ಮ
ಅನುಸೂಯಾ


ಪುಣೆ
೨ ಆಗಸ್ಟ್ ೧೯೯೮

ಅನುಸೂಯಾ,

ನಿನ್ನ ಪ್ರಶ್ನೆಗೆ ನಾನು ಉತ್ತರ ಬರೆಯಲಿಲ್ಲ, ನೀನು ಲೆಕ್ಕ ಕಳಿಸಲಿಲ್ಲ. ಇಬ್ಬರೂ ಸುಮ್ಮನಿದ್ದು ಮುಗಿಸಿಬಿಡೋಣ ಎಂದು ನಾನು ನೋಡಿದ್ದು ನಿಜ. ದಣಿದಿದ್ದೆ. ಟಪಾಲಿನವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವನು ಬೆನ್ನು ನೆಟ್ಟಗೆ ಮಾಡುತ್ತಿದ್ದ. “ಏನೂ ಇಲ್ಲ” ಎನ್ನುತ್ತಿದ್ದೆ. ಬೆನ್ನು ಮತ್ತೆ ಬಾಗುತ್ತಿತ್ತು.

ನಿನ್ನೆ ಬೆಳಗ್ಗೆ ಶೇಂಗಾ ಸುಲಿಯುತ್ತಿದ್ದೆವು. ಅವನಿಗೂ ಒಂದು ಬುಟ್ಟಿ ಕೊಟ್ಟಿರುತ್ತೇನೆ, ಕೈಗೆ ಕೆಲಸವಿರಲಿ ಎಂದು. ಇದ್ದಕ್ಕಿದ್ದಂತೆ ಕೇಳಿದ:

“ಅಕ್ಕಾ, ಆ ಹುಡುಗಿ ಪತ್ರದಾಗ ನಂದು ಒಂದೂ ತಪ್ಪು ಬರ್ಲಿಲ್ಲಲಾ?”

“ಒಳ್ಳೇದ ಆತಲ್ಲ.”

“ಏನ್ ಒಳ್ಳೇದು? ಕಣ್ಣಿದ್ದಾಗೂ ನಾ ಇಷ್ಟು ಸಾಲಾಗಿ ಸರಿ ಮಾಡಿಲ್ಲ. ನೀ ಓದೂ ಮುಂದ ಒಂದು ಕ್ಷಣ ತಡೀತಿದ್ದಿ. ಏನ್ ಮುಚ್ಚಿಟ್ಟೀರಿ ಇಬ್ರೂ?”

ನನಗೆ ಸುಳ್ಳನ್ನು ಎರಡನೆಯ ಸಲ ಹೇಳಲು ಬರುವುದಿಲ್ಲ. ಬುಟ್ಟಿ ಪಕ್ಕಕ್ಕಿಟ್ಟು ಎಲ್ಲ ಹೇಳಿದೆ. ಇನ್ನೂರ ಎಪ್ಪತ್ಮೂರು ಬಿಟ್ಟದ್ದು, ನಿನ್ನ ‘ಸರಿ ಇದೆ ಸರ್’, ಎಲ್ಲ. ಕಡೆಗೆ, “ಆ ತೆಳು ಆಸಿಡಿನ ಲೆಕ್ಕಕ್ಕ ನೀ ಎಂಟು ಅಂದಿ” ಎಂದೆ.

“ಯಾರು? ನಾ?”

“ಹೂಂ. ನೀ. ಎರಡ ಸಲ ಕೇಳಿದೆ. ಎರಡ ಸಲನೂ ಎಂಟು.”

ಬೆರಳಲ್ಲಿದ್ದ ಕಾಳನ್ನು ಬುಟ್ಟಿಗೆ ಹಾಕಿದ. ಆಮೇಲೆ ನಕ್ಕ. ಅದೇ ನಗೆ. ಪಾರಿವಾಳಗಳೆಲ್ಲ ಎದ್ದು ಛಾವಣಿಗೆ ಹೋದವು, ಕೇತಕಿ ಕಿಟಕಿಯಿಂದ “ಕಾಯ್ ಝಾಲಂ?”, ಏನಾಯ್ತು, ಎಂದು ಇಣುಕಿದಳು. “ನಾನೂ ಬಿದ್ನಾ ಅದ್ರಾಗ! ಸಾಬೂನು ಮಾಡಿದ್ನಾ!” ಎಂದು ನಗುತ್ತಾ ಕಣ್ಣು ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ.

ನಾನು ಗೋಡೆಯ ಕಡೆ ನೋಡುತ್ತಿದ್ದೆ, ಅವನು ತಿರುಗುವುದನ್ನು ಕಾದು. ತಿರುಗಲಿಲ್ಲ.

“ಹೋಗ್ತದ ಅಕ್ಕಾ, ಒಂದೊಂದ ಹೋಗ್ತದ. ಅದು ನನಗ ಗೊತ್ತದ, ನೀ ಹೇಳೂದೇನ್ ಬ್ಯಾಡ. ಆದ್ರ ಹೋದದ್ದು ಯಾವ್ದು ಅಂತ ನನಗ ತಿಳೀಲಿ. ಆಕಿ ಸುತ್ತು ಹಾಕ್ಲಿ. ಯಾಕ ಅಂತ ಕೇಳ್ಲಿ. ಹುಡುಕ್ಕೋತ ಕೂಡ್ತೀನಿ.”

ಆಮೇಲೆ ಪೆನ್ನು ತೆಗೆಸಿದ. ಅದೇ ಲೆಕ್ಕ ಮತ್ತೆ ಮಾಡಿದ. ನೀರಿನದೇ ಹತ್ತರ ತಲೆಯ ಮೇಲೆ ಮೈನಸ್ ಏಳು ಇದೆ, ಅದಕ್ಕೆ ಈ ಆಸಿಡಿನ ಮೈನಸ್ ಎಂಟರದ್ದನ್ನು ಕೂಡಿಸು, ಒಂದು ಪಾಯಿಂಟ್ ಒಂದು ಗುಣಿಲೆ ಹತ್ತರ ತಲೆಯ ಮೇಲೆ ಮೈನಸ್ ಏಳು. ಪಿಎಚ್ ಆರು ಪಾಯಿಂಟ್ ಒಂಬತ್ತು ಆರು. ನಡುವೆ, “ಇನ್ನೂರ ಎಪ್ಪತ್ಮೂರು ಕೂಡಿಸಿದ್ನಾ?” ಎಂದು ಕೇಳಿದ. ಇದರಲ್ಲಿ ಅದು ಬೇಕೋ ಬೇಡವೋ ನನಗೆ ತಿಳಿಯದು. “ಈ ಲೆಕ್ಕದಾಗ ನೀ ಹೇಳಿಲ್ಲ” ಎಂದೆ. “ಹೌದ ಹೌದ, ಇದ್ರಾಗ ಬ್ಯಾಡ” ಅಂದ. ನೋಡಿಕೊಂಡಿರು, ಹೀಗಿದೆ ಪರಿಸ್ಥಿತಿ.

ನಿನ್ನ ನವೆಂಬರಿನ ಪತ್ರ ತೆಗೆದು ನೋಡಿದೆ. ನಿನ್ನ ಉತ್ತರದ ಕೊನೆಯ ಅಂಕಿ ಎಂಟು, ಅವನದರ ಕೊನೆಯದು ಆರು. ಅಷ್ಟು ಫರಕಿಗೆ ಸುತ್ತು ಹಾಕಬೇಕೋ ಬಿಡಬೇಕೋ ನೀನು ನೋಡು. ಹಾಕಬೇಕಿದ್ದರೆ ಹಾಕು. ಅಜ್ಜಿ ನೊಂದುಕೊಳ್ಳುತ್ತಾಳೆ, ಸರ್ ನೊಂದುಕೊಳ್ಳುತ್ತಾರೆ ಎಂದು ಕೈ ತಡೆದೆಯೋ, ಈ ಮನೆಯ ಮೆಟ್ಟಿಲು ಹತ್ತಬೇಡ.

ಅವನ ಕೆಂಪು ಪೆನ್ನನ್ನು, ಆ ಲೆಕ್ಕದ ಹಾಳೆಯನ್ನು ಇದರ ಜೊತೆ ಕಳಿಸಿದ್ದೇನೆ. ಒತ್ತಿ ಬರೆ. ಸುತ್ತು ಹಾಳೆಯ ಹಿಂಬದಿಗೆ ಮೂಡಬೇಕು, ಅವನು ಬೆರಳಿನಿಂದ ನೋಡುತ್ತಾನೆ. ಪಕ್ಕದಲ್ಲಿ ‘ಯಾಕ?’ ಎಂದು ಬರೆ. ‘ಸರ್’ ಎಂದು ಸೇರಿಸಬೇಡ, ಅವನು ನಿನಗೆ ಎಂದೂ ಸೇರಿಸಿಲ್ಲ. ಜೊತೆಗೆ ಎರಡು ಹೊಸ ಲೆಕ್ಕ, ನಿನಗೆ ನಿಜವಾಗಿ ಬಾರದವು.

ಹದಿನೈದಕ್ಕೆ ಟಪಾಲು ರಜೆ. ಹದಿನಾಲ್ಕನೆಯ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಶಾಮಲಾ